ಕಾಲಂ ಎಲ್ಲಾದರೂ ಇರಲಿ, ಹೆಸರು ಹಿಡಿದು ಕರೆಯಿರಿ

ಕಡೂರು ತಾಲ್ಲೂಕಿನ ಯಗಟಿಯ ಕಡೆ ಜಮೀನಿರುವ ಯಾವ ಮನೆಯಲ್ಲಾದರೂ ಪಹಣಿ ಸಿಕ್ಕೀತು. ಒಮ್ಮೆ ಕೈಗೆತ್ತಿಕೊಂಡು ನೋಡಿ. ಕಾಲಂ 9ರಲ್ಲಿ ಸ್ವಾಧೀನದಾರರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿಯ ವಿವರ. ‘ಒಂಬತ್ತನೇ ಕಾಲಂನಲ್ಲಿ ಯಾರಿದ್ದಾರೆ?’ ಎಂದೇ ಹಿರಿಯರು ಕೇಳುತ್ತಾರೆ. ಕಾಗದದ ಮೇಲೆ ಜಾಗವೇ ಗುರುತು.

‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. 2002ರ ಹೊತ್ತಿಗೆ ಕೈಬರಹದ ಪಹಣಿಯ ಸ್ಥಾನವನ್ನು ಮುದ್ರಿತ ಪಹಣಿ ಪಡೆಯಿತು. ಇಂಥ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಕೋಷ್ಟಕಗಳಾಗಿ ಇಡುವ ವಿಧಾನಕ್ಕೆ ತಳಹದಿ ಹಾಕಿದವರು ಐಬಿಎಂ ಸಂಸ್ಥೆಯಲ್ಲಿದ್ದ ಗಣಿತಜ್ಞ ಇ.ಎಫ್. ಕಾಡ್. ಕಾಲಂಗಳನ್ನು ಸ್ಥಾನದಿಂದ ಗುರುತಿಸದೆ ಹೆಸರಿನಿಂದ ಗುರುತಿಸಬೇಕೆಂಬುದು 1970ರಲ್ಲಿ ಅವರು ಪ್ರಕಟಿಸಿದ ವಿಚಾರಗಳಲ್ಲೊಂದು.

ಆದರೂ ಡೇಟಾಬೇಸ್ ಕಲಿಯುವ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಹೊಸದಾಗಿ ಸೇರಿಸಿದ ಕಾಲಂ ಕೊನೆಯಲ್ಲಿ ಕುಳಿತಿದೆ, ಹೆಸರಿನ ಪಕ್ಕಕ್ಕೆ ತರುವುದು ಹೇಗೆ?’

ಮೈಎಸ್‌ಕ್ಯೂಎಲ್‌ನಲ್ಲಿ ಇದು ಸಾಧ್ಯ. ‘ಆಲ್ಟರ್ ಟೇಬಲ್’ ಆಜ್ಞೆಯಲ್ಲಿ ‘ಮಾಡಿಫೈ’ ಬಳಸಿ, ಕೊನೆಗೆ ‘ಆಫ್ಟರ್’ ಎಂದು ಬರೆದು ಯಾವ ಕಾಲಂನ ನಂತರ ಬರಬೇಕೆಂದು ಹೇಳಬೇಕು. ಮೊದಲಿಗೇ ತರಬೇಕಾದರೆ ‘ಫಸ್ಟ್’ ಎಂದರೆ ಸಾಕು. ಒಂದು ಎಚ್ಚರಿಕೆ: ಆ ಕಾಲಂನ ವಿವರಣೆಯನ್ನು ಪೂರ್ತಿ ಮತ್ತೆ ಬರೆಯಬೇಕು. ‘ನಾಟ್ ನಲ್’ ಎಂಬುದನ್ನು ಬಿಟ್ಟರೆ ಆ ನಿರ್ಬಂಧವೇ ಅಳಿಸಿಹೋಗುತ್ತದೆ.

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಇಂಥ ಆಜ್ಞೆ ಇಲ್ಲ. ಹೊಸ ಕೋಷ್ಟಕ ರಚಿಸಿ ಮಾಹಿತಿಯನ್ನು ಅದಕ್ಕೆ ತುಂಬಬೇಕು. ಸುಲಭದ ದಾರಿಯೆಂದರೆ ಬೇಕಾದ ಕ್ರಮದಲ್ಲಿ ಒಂದು ‘ವ್ಯೂ’ ಮಾಡಿಕೊಳ್ಳುವುದು. ಆಗ ಮೂಲ ಕೋಷ್ಟಕವನ್ನು ಮುಟ್ಟುವ ಅಗತ್ಯವಿಲ್ಲ.

ಅಪಾಯ ಇರುವುದು ಇನ್ನೊಂದು ಕಡೆ. ‘ಇನ್ಸರ್ಟ್’ ಆಜ್ಞೆಯಲ್ಲಿ ಕಾಲಂಗಳ ಹೆಸರು ಬರೆಯದಿದ್ದರೆ ಕಂಪ್ಯೂಟರು ಮಾಹಿತಿಯನ್ನು ಇದ್ದ ಕ್ರಮದಲ್ಲೇ ತುಂಬುತ್ತದೆ. ಪಹಣಿಯಂಥದೇ ಒಂದು ಕೋಷ್ಟಕವನ್ನು ನೀವು ಮಾಡಿದ್ದೀರೆನ್ನಿ. ಸ್ವಾಧೀನದಾರರ ಕಾಲಂ, ಸಾಲದ ಕಾಲಂ ಎರಡರಲ್ಲೂ ಇರುವುದು ಅಕ್ಷರಗಳೇ. ಅವುಗಳ ಜಾಗ ಅದಲುಬದಲಾದ ಮೇಲೆ ಹಳೆಯ ಆಜ್ಞೆಯನ್ನೇ ಓಡಿಸಿದರೆ, ಸಾಲ ಕೊಟ್ಟ ಬ್ಯಾಂಕು ಜಮೀನಿನ ಒಡೆಯನ ಜಾಗದಲ್ಲಿ ಕೂರುತ್ತದೆ. ಕಂಪ್ಯೂಟರು ತಕರಾರು ಎತ್ತುವುದಿಲ್ಲ. ‘ಸೆಲೆಕ್ಟ್’ ಮುಂದೆ ನಕ್ಷತ್ರ ಚಿಹ್ನೆ ಹಾಕಿ, ಬಂದದ್ದನ್ನು ಮೊದಲನೆಯದು, ಎರಡನೆಯದು ಎಂದು ಎಣಿಸಿ ಬಳಸುವ ಪ್ರೋಗ್ರಾಮಿಗೂ ಇದೇ ಗತಿ.

ಆದ್ದರಿಂದ ಪ್ರತಿ ಆಜ್ಞೆಯಲ್ಲೂ ಕಾಲಂಗಳ ಹೆಸರು ಬರೆಯುವುದನ್ನು ಅಭ್ಯಾಸ ಮಾಡಿಕೊಳ್ಳಿ. ಬೇಕಾದ ಕ್ರಮದಲ್ಲಿ ಹೆಸರು ಬರೆದು ಕೇಳಿದರೆ ಉತ್ತರ ಅದೇ ಕ್ರಮದಲ್ಲಿ ಬರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಕೋಷ್ಟಕವನ್ನು ಕದಲಿಸುವ ಪ್ರಮೇಯವೇ ಬರುವುದಿಲ್ಲ.