ಟೆರೇಸಿನಿಂದ ಬಲ್ಬು ಕಾಣಬಾರದು

ಮೂವತ್ತು ವರ್ಷ ಮದುವೆ, ಮುಂಜಿ, ಕೋಲ, ನೇಮ ಎಂದು ಫೋಟೊ ತೆಗೆದವನು ನಾನು. ಈಗ ಡ್ರೋನ್ ಹಾರಿಸುವ ಹುಡುಗರು ಬಂದಿದ್ದಾರೆ. ನನಗೆ ಸಂಜೆ ಬಿಡುವು. ಆ ಬಿಡುವಿನಲ್ಲಿ ಮಂಗಳೂರಿನ ಉರ್ವ ಮಾರ್ಕೆಟಿನ ಹಿಂದಿನ ನಮ್ಮ ಮನೆಯ ಟೆರೇಸಿನಲ್ಲಿ ಟ್ರೈಪಾಡ್ ನಿಲ್ಲಿಸಿ ಆಂಡ್ರೊಮಿಡಾ ಗೆಲಾಕ್ಸಿಯ ಫೋಟೊ ತೆಗೆಯುತ್ತೇನೆ. ಕನ್ನಡದಲ್ಲಿ ಅದನ್ನು ದೇವಯಾನಿ ಎನ್ನುವುದೂ ಉಂಟು. ದೂರ 25 ಲಕ್ಷ ಜ್ಯೋತಿರ್ವರ್ಷ. ಗಿರಾಕಿಯಾಗಿ ಬಹಳ ಒಳ್ಳೆಯವಳು, ಆಲ್ಬಮ್ ಯಾವಾಗ ಕೊಡ್ತೀರಿ ಎಂದು ಫೋನ್ ಮಾಡುವುದಿಲ್ಲ.

ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟರೆ ಎಷ್ಟು ಉದ್ದವೋ ಅಷ್ಟು ಉದ್ದಕ್ಕೆ ಅದು ಆಕಾಶದಲ್ಲಿ ಚಾಚಿಕೊಂಡಿದೆ. ಆದರೆ ತೀರಾ ಮಂಕು. ಶಟರನ್ನು ಹೆಚ್ಚು ಹೊತ್ತು ತೆರೆದಿಡೋಣವೆಂದರೆ ಭೂಮಿ ತಿರುಗುತ್ತಿರುವುದರಿಂದ ನಕ್ಷತ್ರಗಳು ಚುಕ್ಕಿಯ ಬದಲು ಗೆರೆಯಾಗುತ್ತವೆ. ಈ ತಿರುಗಾಟಕ್ಕೆ ತಕ್ಕ ಹಾಗೆ ಕ್ಯಾಮರಾವನ್ನೂ ತಿರುಗಿಸುವ ಮೋಟರು ಸಿಗುತ್ತದೆ. ಒಮ್ಮೆ ಕೇಳಿ ತಂದಿದ್ದೆ. ಅದನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಟ್ಟು ಕೂರಿಸಬೇಕು. ಮಂಗಳೂರಿನಲ್ಲಿ ಧ್ರುವ ಇರುವುದು ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ಉರ್ವದಿಂದ ಉತ್ತರಕ್ಕೆಂದರೆ ಕೂಳೂರು, ಪಣಂಬೂರು, ಬಂದರು, ಅಲ್ಲಿನ ಅಷ್ಟೂ ಬೆಳಕು. ಸಾಲದ್ದಕ್ಕೆ ಎದುರಿನ ಫ್ಲಾಟಿನ ನೀರಿನ ಟ್ಯಾಂಕಿ. ಉತ್ತಾನಪಾದನ ಮಗ ಧ್ರುವ ತಪಸ್ಸು ಮಾಡಿ ಕದಲದ ಪದವಿ ಪಡೆದ ಕತೆಯನ್ನು ಅಜ್ಜಿ ಹೇಳಿದ್ದರು. ಆ ಪದವಿ ಟ್ಯಾಂಕಿಯ ಹಿಂದೆ ಎಂದು ಹೇಳಿರಲಿಲ್ಲ.

ಮೋಟರು ವಾಪಸ್ ಕೊಟ್ಟೆ. ಮದುವೆಗೆ ಬಳಸುತ್ತಿದ್ದ ಲೆನ್ಸನ್ನೇ 135 ಮಿ.ಮೀ.ಗೆ ಇಟ್ಟು, ಎರಡೆರಡು ಸೆಕೆಂಡಿನ ಚಿತ್ರ ತೆಗೆಯತೊಡಗಿದೆ. ಒಂದಲ್ಲ, 900. ಒಟ್ಟು ಅರ್ಧ ಗಂಟೆಯ ಬೆಳಕು. ಬಿಟ್ಟಿಯಾಗಿ ಸಿಗುವ ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್ ತಂತ್ರಾಂಶಕ್ಕೆ ಅವನ್ನು ಕೊಟ್ಟರೆ, ನಕ್ಷತ್ರದ ಮೇಲೆ ನಕ್ಷತ್ರ ಕೂರುವಂತೆ ಜೋಡಿಸಿ ಒಂದೇ ಚಿತ್ರ ಮಾಡುತ್ತದೆ. 900 ಸೇರಿದಾಗ ಗೆಲಾಕ್ಸಿಯ ಬೆಳಕು 900 ಪಟ್ಟಾಗುತ್ತದೆ. ಚಿತ್ರದ ಮೇಲೆ ಮರಳು ಎರಚಿದಂತೆ ಕಾಣುವ ಕಾಳುಕಾಳು ಮಾತ್ರ ವರ್ಗಮೂಲದ ಲೆಕ್ಕದಲ್ಲಿ 30 ಪಟ್ಟಷ್ಟೇ. ಹಾಗಾಗಿ ಒಂದೊಂದರಲ್ಲೂ ಕಾಣದ್ದು ಎಲ್ಲ ಸೇರಿದಾಗ ಕಾಣುತ್ತದೆ.

ಈ ತಂತ್ರಾಂಶಕ್ಕೆ ಇನ್ನೊಂದು ಜಾಣತನವಿದೆ. ಬಜ್ಪೆಗೆ ಇಳಿಯುವ ವಿಮಾನ, ಉಪಗ್ರಹದ ಗೆರೆ, ಲೆನ್ಸಿನ ಎದುರು ಹಾರಿದ ಬಾವಲಿ, ಇವೆಲ್ಲ ಒಂದೆರಡು ಚಿತ್ರದಲ್ಲಿ ಮಾತ್ರ ಇರುತ್ತವೆ. ಉಳಿದವುಗಳ ಜೊತೆ ತಾಳೆ ನೋಡಿ ಅವನ್ನು ಕಿತ್ತೆಸೆಯುತ್ತದೆ. ಆದರೆ ಬೀದಿದೀಪದ ಬೆಳಕು 900ರಲ್ಲೂ ಇದೆ. ಎಲ್ಲದರಲ್ಲೂ ಇರುವುದು ಆಕಾಶವೇ ಎಂದು ಅದು ನಂಬುತ್ತದೆ. ಆ ಬಿಳುಪನ್ನು ಆಮೇಲೆ ಕೈಯಾರೆ ಕಳೆಯಬಹುದು; ಅದು ತಂದುಹಾಕಿದ ಕಾಳುಕಾಳನ್ನು ಕಳೆಯಲು ಬರುವುದಿಲ್ಲ. ನಾವೂ ಆ ತಂತ್ರಾಂಶದ ಹಾಗೆಯೇ ಆಗಿದ್ದೇವೆ. ಮಾರಿಗುಡಿಯ ಜಾತ್ರೆಯ ದೀಪಾಲಂಕಾರ ನಾಲ್ಕು ದಿನದ್ದು, ನೋಡಿ ಸಂತೋಷಪಡುತ್ತೇವೆ, ಅದು ನಂದುತ್ತದೆ. ವರ್ಷವಿಡೀ ಉರಿಯುವುದನ್ನು ಮಾತ್ರ ಆಕಾಶದ ಬಣ್ಣವೇ ಇದು ಎಂದುಕೊಂಡುಬಿಟ್ಟಿದ್ದೇವೆ. ಚಿಕ್ಕಂದಿನಲ್ಲಿ ಯಕ್ಷಗಾನ ನೋಡಿ ಅಪ್ಪ ಹಿಡಿದ ತೂಟೆಯ ಬೆಳಕಲ್ಲಿ ಮರಳುವಾಗ ತಲೆಯ ಮೇಲಿದ್ದ ಆಕಾಶಗಂಗೆಯನ್ನು ನನ್ನ ಮಗಳು ಈ ಓಣಿಯಲ್ಲಿ ಒಮ್ಮೆಯೂ ನೋಡಿಲ್ಲ.

ಕಳೆದ ಡಿಸೆಂಬರಿನ ಒಂದು ರಾತ್ರಿ, ಚಿತ್ರ ತೆಗೆಯುತ್ತಿರುವಾಗ ಕರೆಂಟು ಹೋಯಿತು. ಲೇಡಿಹಿಲ್‌ನಿಂದ ಕೊಟ್ಟಾರದ ತನಕ ಕತ್ತಲೆ. ಕ್ಯಾಮರಾ ಬ್ಯಾಟರಿಯಲ್ಲಿ ತನ್ನ ಪಾಡಿಗೆ ಕ್ಲಿಕ್ಕಿಸುತ್ತಿತ್ತು. ಇಪ್ಪತ್ತು ನಿಮಿಷದ ನಂತರ ಓಣಿಯ ಮಕ್ಕಳು ‘ಬಂತು’ ಎಂದು ಕೂಗಿದರು. ನನ್ನ ಒಬ್ಬನಿಗೆ ಬೇಸರ. ಆಮೇಲೆ ನೋಡಿದರೆ ಆ ಹೊತ್ತಿನ ಚಿತ್ರಗಳಲ್ಲಿ ಆಕಾಶದ ಬಿಳುಪು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಬಿಳುಪು ಅರ್ಧವಾದರೆ ಒಂದು ಚಿತ್ರ ಎರಡಕ್ಕೆ ಸಮ. ಲೆನ್ಸ್ ಬದಲಿಸದೆ, ಒಂದು ರೂಪಾಯಿ ಖರ್ಚಿಲ್ಲದೆ, ಇಪ್ಪತ್ತು ನಿಮಿಷ ನಲವತ್ತಾಯಿತು. ನಡುವಿನ ಹೊಳಪಿನ ಸುತ್ತ ಗೆಲಾಕ್ಸಿಯ ಧೂಳಿನ ಪಟ್ಟಿಯೊಂದು ಮೊದಲ ಸಲ ಮಸುಕಾಗಿ ಮೂಡಿತ್ತು.

ಹಾಗೆಂದು ಕರೆಂಟು ತೆಗೆಯಿರಿ ಎನ್ನುತ್ತಿಲ್ಲ. ಬೆಳಕನ್ನು ಬೇಕಾದಲ್ಲಿಗೆ ಬೀಳಿಸಿ, ಬೇಡದಲ್ಲಿಗೆ ತಡೆಯುವುದು ನನ್ನ ಕಸುಬು. ಫ್ಲ್ಯಾಶನ್ನು ಲೆನ್ಸಿನ ಕಡೆಗೇ ತಿರುಗಿಸುವ ಫೋಟೊಗ್ರಾಫರನನ್ನು ಯಾರೂ ಎರಡನೇ ಮದುವೆಗೆ ಕರೆಯುವುದಿಲ್ಲ. ನಮ್ಮ ಬೀದಿಯಲ್ಲಿ ಮಾತ್ರ ದೀಪದ ತಲೆ ಮೇಲಕ್ಕೆ ವಾಲಿಕೊಂಡಿದ್ದರೂ, ಬೆಳಕು ಎರಡನೇ ಮಾಳಿಗೆಯ ಮಲಗುವ ಕೋಣೆಗೆ ನುಗ್ಗಿದರೂ ಒಳ್ಳೆ ದೀಪ ಹಾಕಿದ್ದಾರೆ ಎನ್ನುತ್ತೇವೆ.

ಮೊದಲು ನನ್ನ ಗೇಟಿನ ದೀಪಕ್ಕೇ ಟೊಪ್ಪಿ ಹಾಕಿದೆ, ತಗಡಿನದು. ಪಕ್ಕದ ಮನೆಯಕ್ಕ ಕೇಳಿದರು, “ಕತ್ತಲೆ ಮಾಡಿ ಕಳ್ಳನಿಗೆ ದಾರಿ ಮಾಡ್ತಿದ್ದೀರಾ ಮಾರಾಯ್ರೆ?” ನ್ಯಾಯವಾದ ಪ್ರಶ್ನೆ. ರಾತ್ರಿ ಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಬೆಳಕು ಬೇಕೇ ಬೇಕು. ಪಕ್ಕದ ಮನೆಯಕ್ಕನನ್ನು ಗೇಟಿನ ಹೊರಗೆ ನಿಲ್ಲಿಸಿದೆ. ನಾನು ಒಳಗೆ ದೀಪದ ಬುಡದಲ್ಲಿ ನಿಂತು, ಮುಖ ಕಾಣುತ್ತದೆಯೇ ಎಂದು ಟೊಪ್ಪಿ ತೆಗೆದು ಕೇಳಿದೆ, ಹಾಕಿ ಕೇಳಿದೆ. ತೆಗೆದಾಗ ಬಲ್ಬು ಕಣ್ಣಿಗೆ ಹೊಡೆದು ನನ್ನ ಮುಖ ಕಾಣಲಿಲ್ಲ, ಹಾಕಿದಾಗ ಕಂಡಿತು. ಕಳ್ಳನಿಗೆ ಅನುಕೂಲ ಯಾವುದೆಂದು ಅವರೇ ಹೇಳಿದರು. ಈಗ ಅವರ ಗೇಟಿಗೂ ತಗಡಿದೆ.

ದೀಪಕ್ಕೆ ಮರೆ ಬೇಕೆಂಬುದು ದೊಡ್ಡ ಊರುಗಳು ತಡವಾಗಿ ಕಲಿತ ಪಾಠ. ಆಂಡ್ರೊಮಿಡಾ ನಮ್ಮ ಕ್ಷೀರಪಥದ ಒಳಗಿನ ಮೋಡವಲ್ಲ, ಬೇರೆಯೇ ಗೆಲಾಕ್ಸಿ ಎಂಬುದಕ್ಕೆ ಎಡ್ವಿನ್ ಹಬಲ್ 1923ರಲ್ಲಿ ಸುಳಿವು ಹಿಡಿದದ್ದು ಲಾಸ್ ಏಂಜಲೀಸ್ ಬಳಿಯ ಮೌಂಟ್ ವಿಲ್ಸನ್ ಬೆಟ್ಟದಲ್ಲಿ, 100 ಅಂಗುಲದ ದೂರದರ್ಶಕದಲ್ಲಿ. ಊರು ಬೆಳೆದು ಅದರ ದೀಪಗಳೇ ಆ ಬೆಟ್ಟದ ಆಕಾಶವನ್ನು ಮಂಕಾಗಿಸಿದವು. ನಮ್ಮಲ್ಲಿ ಬೇರೆ ದಾರಿಯೂ ಇದೆ. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕವಿದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕುಳಿತು. ಅದರ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲಾಕಾಶದ ರಕ್ಷಿತ ವಲಯವೆಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಯವರು ದೀಪಗಳಿಗೆ ಮರೆ ಕಟ್ಟಿದರು, ಕಿಟಕಿಗೆ ಪರದೆ ಹಾಕಿದರು.

ಉರ್ವ ಹಾನ್ಲೆಯಾಗಬೇಕಿಲ್ಲ. ಬಂದರಿನ ದೀಪ ಬಂದರಿಗೆ ಇರಲಿ. ಬೀದಿದೀಪದ ಹೊಣೆ ಹೊತ್ತವರು ಹೊಸ ದೀಪ ಹಾಕುವಾಗ ತಲೆ ಸಮತಟ್ಟಾಗಿ, ಮುಖ ನೆಲಕ್ಕೆ ಇರುವಂತೆ ನೋಡಲಿ. ಬೆಳ್ಳನೆಯ ಎಲ್‌ಇಡಿಯ ಬದಲು ಹಳದಿ ಛಾಯೆಯದು ಬರಲಿ. ನೀಲಿ ಹೆಚ್ಚಿದ ಬೆಳಕು ಗಾಳಿಯಲ್ಲಿ ಹೆಚ್ಚು ಚೆದುರುತ್ತದೆ, ಹಗಲಿನ ಆಕಾಶ ನೀಲಿಯಾಗಿರುವುದೂ ಅದರಿಂದಲೇ. ಜಾಹೀರಾತು ಹೋರ್ಡಿಂಗ್‌ಗೆ ಕೆಳಗಿನಿಂದ ಬಿಡುವ ದೀಪವನ್ನು ಮೇಲಿನಿಂದ ಬಿಡಲಿ, ನಡುರಾತ್ರಿ ಆರಿಸಲಿ. ಆ ಹೊತ್ತಿಗೆ ಅದನ್ನು ಓದುವವರು ನಾಯಿಗಳು ಮಾತ್ರ.

ಓದುಗರಿಗೂ ಒಂದು ಕೆಲಸ. ಡಿಸೆಂಬರಿನ ಅಮಾವಾಸ್ಯೆಯ ಆಸುಪಾಸು, ರಾತ್ರಿ ಎಂಟು ಗಂಟೆಗೆ ಟೆರೇಸಿಗೆ ಹೋಗಿ ಉತ್ತರಕ್ಕೆ ಮುಖ ಮಾಡಿ. ನೆತ್ತಿಗೂ ದಿಗಂತಕ್ಕೂ ನಡುವೆ, ನೆತ್ತಿಗೆ ಹತ್ತಿರವಾಗಿ ದೇವಯಾನಿ ಇರುತ್ತಾಳೆ, ಕಾಣಲಿಕ್ಕಿಲ್ಲ. ಆಮೇಲೆ ತಲೆ ತಗ್ಗಿಸಿ ಬೀದಿ ನೋಡಿ. ದೀಪದ ಬಲ್ಬು ನಿಮಗೆ ಅಲ್ಲಿಂದ ಕಂಡರೆ, ಅದರ ಬೆಳಕು ರಸ್ತೆಗೆ ಹೋಗದೆ ನಿಮ್ಮಲ್ಲಿಗೆ ಬಂದಿದೆ ಎಂದರ್ಥ. ಅಂಥವು ಎಷ್ಟು ಎಂದು ಎಣಿಸಿ. ನಮ್ಮ ಟೆರೇಸಿನಿಂದ 17 ಇದ್ದವು, ಈಗ 15.