ಪರದೆ ಬಂತು, ಪ್ರಶ್ನೆ ಎಲ್ಲಿ?



ನಮ್ಮ ಭಾಗದ ಶಾಲೆಯೊಂದರ ಸ್ಮಾರ್ಟ್ ಕ್ಲಾಸ್ ಉದ್ಘಾಟನೆಯ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಚಿತ್ರಸಮೇತ ಬಂದಿದೆ. ಟೇಪು ಕತ್ತರಿಸಿದವರ ಹೆಸರು ಒಂದೂ ಬಿಟ್ಟುಹೋಗಿಲ್ಲ. ಮಕ್ಕಳು ಮಾತ್ರ ಕೈಕಟ್ಟಿ ಕೂತು ಭತ್ತದ ಬೀಜ ಮೊಳೆಯುವ ವಿಡಿಯೊ ನೋಡುತ್ತಿದ್ದಾರೆ. ಭತ್ತದ ಸೀಮೆಯ ಮಕ್ಕಳಿಗೆ ಭತ್ತದ ವಿಡಿಯೊ! ಇದು ‘ಪ್ರಶ್ನಿಸಿ ಕಲಿಯುವ ಪದ್ಧತಿ’ಯಂತೆ. ಮಗು ಏನನ್ನೂ ಕೇಳದೆ, ಅಳೆಯದೆ, ಊಹಿಸದೆ ನೋಡುತ್ತಾ ಕೂತರೆ ಆ ಪರದೆ ದುಬಾರಿ ಕರಿಹಲಗೆಯಷ್ಟೆ. ಕೇಳಲು, ಅಳೆಯಲು ಬೇಕಾದದ್ದು ನಮ್ಮ ಸುತ್ತಲೇ ಇದೆ: ಹೊನ್ನಾಳಿಯಲ್ಲಿ ಕೇಂದ್ರ ಜಲ ಆಯೋಗ ತುಂಗಭದ್ರೆಯ ಮಟ್ಟ ಅಳೆಯುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿವರೆಗೂ ಬಂದಿವೆ. ನಮ್ಮಲ್ಲಿ ಹನಿ ಬೀಳದ ದಿನವೂ ಹೊಳೆ ಏರುವುದೇಕೆ, ಶೃಂಗೇರಿ–ತೀರ್ಥಹಳ್ಳಿಯ ಮಳೆ ಗಾಜನೂರು ಅಣೆಕಟ್ಟೆ ದಾಟಿ ಹೊನ್ನಾಳಿ ಮುಟ್ಟಲು ಎಷ್ಟು ಹೊತ್ತು ಬೇಕು ಎಂದು ಕೇಳಿ, ಆ ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿ ಮಕ್ಕಳೇ ನಕ್ಷೆ ಎಳೆಯಲಿ. ಊಹೆ ತಪ್ಪಿದರೆ ಮತ್ತೆ ಲೆಕ್ಕ ಹಾಕಲಿ. ಉಪಕರಣದ ನಿಜವಾದ ಕೆಲಸ ಅದು.

ಮೇಷ್ಟ್ರಿಗೆ ತರಬೇತಿ ಇಲ್ಲ ಎನ್ನುವುದು ಸಿದ್ಧ ಉತ್ತರ. ಆದರೆ ವಿಷಯ ಶಿಕ್ಷಕರ ವೇದಿಕೆಯ ಹೆಸರಿನಲ್ಲಿ ಶಿಕ್ಷಣ ಇಲಾಖೆಯೇ 2011ರಿಂದ ಪ್ರೌಢಶಾಲಾ ಶಿಕ್ಷಕರಿಗೆ ಜಿಯೋಜೀಬ್ರಾದಂಥ ಉಚಿತ ತಂತ್ರಾಂಶ ಕಲಿಸಿತು, ಕನ್ನಡದಲ್ಲೇ ಮುಕ್ತ ಸಂಪನ್ಮೂಲ ಕಟ್ಟಿಸಿತು. ಆ ಫಸಲನ್ನು ಯಾರು ಕೇಳಿದರು? ಈಗ ಮೇಷ್ಟ್ರ ಮೊಬೈಲು, ಕಂಪ್ಯೂಟರು ಎರಡೂ ವಿದ್ಯಾರ್ಥಿಗಳ ದಾಖಲೆಯ ತಂತ್ರಾಂಶ ಸ್ಯಾಟ್ಸ್‌ಗೆ ಮಾಹಿತಿ ತುಂಬುವುದಕ್ಕೇ ಸವೆಯುತ್ತಿವೆ. ಹಾಜರಿ, ಬಿಸಿಯೂಟ, ಮೊಟ್ಟೆ, ಬಾಳೆಹಣ್ಣು ಎಲ್ಲದಕ್ಕೂ ಆನ್‌ಲೈನ್ ಲೆಕ್ಕ. ಮಗು ಕೇಳಿದ ಪ್ರಶ್ನೆಗೆ ಮಾತ್ರ ಯಾವ ಕಾಲಮ್ಮೂ ಇಲ್ಲ. ಎಲ್ಲ ಮಕ್ಕಳಿಗೂ ಸಾಧನ ಎಲ್ಲಿದೆ ಎನ್ನುವವರಿಗೂ ಒಂದು ಮಾತು: ತರಗತಿಗೊಂದು ಕಂಪ್ಯೂಟರು ಸಾಕು, ಅದರ ಮುಂದೆ ಮಕ್ಕಳು ವಾದಿಸಲು ಬಿಟ್ಟರೆ.

ಇನ್ನು ‘ಪೋರ್ಷನ್ ಮುಗಿಯುವುದಿಲ್ಲ, ರಿಸಲ್ಟ್ ಬೀಳುತ್ತದೆ’ ಎಂಬ ಹೆದರಿಕೆ. ಪೋರ್ಷನ್ ಮುಗಿಸಿಯೇ ಏನಾಯಿತು? ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ನಮ್ಮ ಶಿಕ್ಷಣದಲ್ಲಿ ನೆಟ್ಟಗೆ ಕೆಲಸ ಮಾಡಿದ ಡಿಜಿಟಲ್ ಸಾಧನವೆಂದರೆ ಕ್ಯಾಮೆರಾ ಒಂದೇ ಎಂದಾಯಿತು! ಬಾಯಿಪಾಠದ ಬಂಡವಾಳ ಬಯಲಾದ ಮೇಲೂ ಅದನ್ನೇ ಪರದೆಯ ಮೇಲೆ ತೋರಿಸಿ ಸುಧಾರಣೆ ಎನ್ನುವುದು ಹಳ್ಳಿ ಮಕ್ಕಳಿಗೆ ಮಾಡುವ ಅವಮಾನ.

ಕ್ಷೇತ್ರ ಶಿಕ್ಷಣಾಧಿಕಾರಿಗಳು ಮಾಹಿತಿ ತುಂಬುವ ಕೆಲಸವನ್ನು ಶಿಕ್ಷಕರ ಹೆಗಲಿನಿಂದ ಇಳಿಸಿ, ವಾರಕ್ಕೆ ಎರಡು ಪಿರಿಯಡ್ಡಾದರೂ ಕಂಪ್ಯೂಟರನ್ನು ಮಕ್ಕಳ ಕೈಗೆ ಕೊಡಿಸಲಿ. ಪತ್ರಿಕೆಯವರಾದ ನೀವೂ ಮುಂದಿನ ಉದ್ಘಾಟನೆಯ ಸುದ್ದಿ ಹಾಕುವಾಗ ಅತಿಥಿಗಳ ಪಟ್ಟಿ ಮೊಟಕುಮಾಡಿ, ಅಲ್ಲಿನ ಮಕ್ಕಳು ಏನು ಕೇಳಿದರೆಂದು ಬರೆಯಿರಿ.

– ಓದುಗ, ಗೋವಿನಕೋವಿ