ಉಪ್ಪಿನಲ್ಲಿರುವ ಕ್ಲೋರಿನ್ ವಿಷವೇಕಲ್ಲ?

ಉಪ್ಪು ಎಂದರೆ ಸೋಡಿಯಂ ಕ್ಲೋರೈಡ್. ಕ್ಲೋರಿನ್ ವಿಷಾನಿಲ. ಹಾಗಾದರೆ ನಾವು ದಿನಾ ಸಾರಿಗೆ ವಿಷ ಹಾಕುತ್ತಿದ್ದೇವೆಯೇ? ಧಾತು, ಸಂಯುಕ್ತ, ಮಿಶ್ರಣಗಳ ಪಾಠ ಓದುವಾಗ ಮಕ್ಕಳಿಗೆ ಹೊಳೆಯುವ ಪ್ರಶ್ನೆ ಇದು. ನಕ್ಕು ತಳ್ಳಿಹಾಕುವಂಥದ್ದಲ್ಲ.

ಸೋಡಿಯಂ ಚಾಕುವಿನಿಂದ ಕತ್ತರಿಸಬಹುದಾದಷ್ಟು ಮೆತ್ತನೆಯ ಲೋಹ. ನೀರು ತಾಗಿದರೆ ಉರಿದು ಸಿಡಿಯುತ್ತದೆ, ಅದಕ್ಕೇ ಪ್ರಯೋಗಾಲಯದಲ್ಲಿ ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ಕ್ಲೋರಿನ್ ಹಳದಿ ಮಿಶ್ರಿತ ಹಸಿರು ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೇನೆ ಶತ್ರುಗಳ ಕಂದಕಗಳತ್ತ ಹರಿಯಬಿಟ್ಟದ್ದು ಇದನ್ನೇ.

ಇವೆರಡೂ ಸೇರಿದಾಗ ಸೋಡಿಯಂ ಪರಮಾಣುವಿನ 11 ಎಲೆಕ್ಟ್ರಾನ್‌ಗಳಲ್ಲಿ ಒಂದು ಕ್ಲೋರಿನ್‌ಗೆ ಹೋಗುತ್ತದೆ. ಒಂದೇ ಒಂದು! ಅಷ್ಟಕ್ಕೇ ಇಬ್ಬರ ಸ್ವಭಾವವೂ ಬದಲಾಗುತ್ತದೆ. ಕ್ಲೋರಿನ್‌ನ ಹೊರಕವಚದಲ್ಲಿದ್ದ ಕೊರತೆ ತುಂಬಿತು, ಇನ್ನು ಅದು ಎಲೆಕ್ಟ್ರಾನ್‌ಗಾಗಿ ನಮ್ಮ ಶ್ವಾಸಕೋಶದ ಮೇಲೆ ಬೀಳಬೇಕಿಲ್ಲ. ಈಗ ಅದರ ಹೆಸರು ಕ್ಲೋರೈಡ್. 100 ಗ್ರಾಂ ಉಪ್ಪಿನಲ್ಲಿ ಸುಮಾರು 61 ಗ್ರಾಂ ತೂಕ ಅದರದ್ದೇ. ನೀರಿಗೆ ಹಾಕಿದಾಗ ಉಪ್ಪು ಕರಗಿ ಕಾಣದಾದರೂ ಕ್ಲೋರೈಡ್ ಕ್ಲೋರೈಡಾಗಿಯೇ ಇರುತ್ತದೆ, ಕ್ಲೋರಿನ್ ಆಗುವುದಿಲ್ಲ.

ಸಂಯುಕ್ತಕ್ಕೂ ಮಿಶ್ರಣಕ್ಕೂ ವ್ಯತ್ಯಾಸ ಇಲ್ಲೇ ಇದೆ. ಸಮುದ್ರದ ನೀರು ಮಿಶ್ರಣ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರಗಳಲ್ಲಿ ಬಿಸಿಲು ನೀರನ್ನು ಆರಿಸಿದರೆ ಸಾಕು, ಉಪ್ಪು ಕೈಗೆ ಸಿಗುತ್ತದೆ. ಆದರೆ ಉಪ್ಪಿನಿಂದ ಸೋಡಿಯಂ ಲೋಹ ಬೇಕಿದ್ದರೆ ಬಿಸಿಲು ಸಾಲದು, ಉಪ್ಪನ್ನು ಕರಗಿಸಿ ದ್ರವ ಮಾಡಿ ಅದರೊಳಗೆ ವಿದ್ಯುತ್ ಹರಿಸಬೇಕು. ಉಪ್ಪು ಕರಗುವುದೇ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ.

ಪರೀಕ್ಷೆಗೆ ಇಷ್ಟು ಸಾಕು. ಮನೆಗೆ ಸಾಲದು. ಬಚ್ಚಲಲ್ಲಿ ಎರಡು ಬಾಟಲಿ ಇರುತ್ತವೆ: ಒಂದು ಬ್ಲೀಚ್, ಇನ್ನೊಂದು ಟಾಯ್ಲೆಟ್ ಕ್ಲೀನರ್. ಎರಡನ್ನೂ ಸುರಿದರೆ ಕೊಳೆ ಎರಡರಷ್ಟು ಬೇಗ ಹೋಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಎರಡೂ ಸುಮ್ಮನೆ ಬೆರೆಯುವುದಾಗಿದ್ದರೆ ಅಪಾಯವಿರಲಿಲ್ಲ. ಆದರೆ ಬ್ಲೀಚ್‌ನಲ್ಲಿರುವುದು ಸೋಡಿಯಂ ಹೈಪೋಕ್ಲೋರೈಟ್, ಟಾಯ್ಲೆಟ್ ಕ್ಲೀನರ್‌ನಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಇವು ವರ್ತಿಸಿ ಮೂರು ಹೊಸ ವಸ್ತುಗಳಾಗುತ್ತವೆ: ನೀರು, ನಮ್ಮ ಅಡುಗೆ ಉಪ್ಪು, ಮತ್ತು ಕ್ಲೋರಿನ್ ಅನಿಲ. ಹೌದು, ಈಪ್ರದ ಅದೇ ಅನಿಲ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಆದ್ದರಿಂದ ನೆಲದ ಹತ್ತಿರವೇ ತಂಗುತ್ತದೆ. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಉಜ್ಜುವವರ ಮುಖ ಇರುವುದೂ ಅಲ್ಲೇ.

ಒಂದನ್ನು ಬಳಸಿದ ಮೇಲೆ ಚೆನ್ನಾಗಿ ನೀರು ಹಾಕಿ ತೊಳೆಯದೆ ಇನ್ನೊಂದನ್ನು ಮುಟ್ಟಬೇಡಿ. ಕಟುವಾದ ವಾಸನೆ ಬಂದು ಕಣ್ಣು ಉರಿದರೆ ಕೆಲಸ ಮುಗಿಸಿಬಿಡೋಣ ಎನ್ನದೆ ಬಾಗಿಲು ತೆರೆದಿಟ್ಟು ತಕ್ಷಣ ಹೊರಗೆ ಬನ್ನಿ. ಕೆಮ್ಮು ನಿಲ್ಲದಿದ್ದರೆ, ಉಸಿರು ಕಟ್ಟಿದಂತಾದರೆ ಆಸ್ಪತ್ರೆಗೆ ಹೋಗಿ, ಯಾವ ಎರಡು ಬಾಟಲಿ ಎಂಬುದನ್ನು ವೈದ್ಯರಿಗೆ ಹೇಳಿ.